ಕೆಂಪು ದಾರದ ಕ್ಯಾನು

ಡಿಸೆಂಬರ್ ಚಳಿ. ಬಾಡಿಗೆ ವ್ಯಾನಿನಲ್ಲಿ ಭದ್ರಾವತಿಯಿಂದ ಜೋಗದ ಕಡೆ ಹೊರಟಿದ್ದೆವು. ಅಡುಗೆ, ನಿದ್ದೆ ಎಲ್ಲಾ ಅದರಲ್ಲೇ. 20 ಲೀಟರಿನ ಎರಡು ಕ್ಯಾನು ನೀರು ಸಾಕು ಅಂದಿದ್ದೆ. ಮನೆ ಹತ್ತಿರ ಭದ್ರೆ, ಶಿವಮೊಗ್ಗದಲ್ಲಿ ತುಂಗೆ, ಎರಡೂ ಸೇರೋ ಕೂಡ್ಲಿಯೂ ನಮ್ಮದೇ. ನೀರು ಅಳೆದು ಗೊತ್ತಿದ್ದರೆ ತಾನೇ?

ಸಾಗರ ದಾಟಿ ರಾತ್ರಿ ತಂಗಿದೆವು. ಚಳೀಲಿ ಬಾಯಾರಿಕೆ ಗೊತ್ತಾಗಲ್ಲ, ಕೈಗೆ ಮಾತ್ರ ಬಿಸಿನೀರು ಬೇಕು. ಮುಖ ತೊಳೆಯೋಕೆ, ಪಾತ್ರೆ ತಿಕ್ಕೋಕೆ ಅಂತ ಕಾಯಿಸಿ ಕಾಯಿಸಿ ಸುರಿದವನು ನಾನೇ. ಬೆಳಗ್ಗೆ ಅಮ್ಮ ಬಿ.ಪಿ. ಮಾತ್ರೆ ಹಿಡಿದು, "ಒಂದು ಗುಟುಕು ನೀರು ಇದ್ಯೇನೋ?" ಅಂದ್ರು. ಎರಡೂ ಕ್ಯಾನು ಖಾಲಿ. ಪಕ್ಕದ ತೋಟದ ಮನೆಯವರು ಬಾವಿಯಿಂದ ಸೇದಿ ಒಂದು ಕೊಡ ಕೊಟ್ಟರು.

ಈಗ ಹೊರಡೋ ಮೊದಲು ಒಂದು ಕ್ಯಾನಿಗೆ ಕೆಂಪು ದಾರ ಕಟ್ಟುತ್ತೇನೆ. ಅದು ಕುಡಿಯೋಕೆ ಮಾತ್ರ. ಆ ದಾರ ಬೇರೆ ಯಾರಿಗೂ ಅಲ್ಲ, ನನಗೇ.