ಪೌಡರ್ ಬೇಡ, ಲೈಟ್ ಸರಿ ಮಾಡೋಣ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಾದಾಗ ಓದಿ.

ನವೆಂಬರ್ 26ರ ಸಂವಿಧಾನ ದಿನಕ್ಕೆ ನಮ್ಮ ರಾಬರ್ಟ್‌ಸನ್‌ಪೇಟೆಯ ಒಂದು ಸರ್ಕಾರಿ ಶಾಲೆಯ ಮಕ್ಕಳು ಮಹಾಡ್ ಕೆರೆ ಸತ್ಯಾಗ್ರಹದ ನಾಟಕ ಆಡಿದರು. ಇಪ್ಪತ್ತು ನಿಮಿಷದ್ದು. ಬಾಬಾಸಾಹೇಬರ ಪಾತ್ರ ಏಳನೇ ಕ್ಲಾಸಿನ ಒಬ್ಬ ಹುಡುಗಿಯದು. ಇಡೀ ಶಾಲೆಯಲ್ಲಿ ಅವಳ ಗಂಟಲೇ ದೊಡ್ಡದು, ಅದಕ್ಕೇ ಆರಿಸಿದ್ದು. ಮನೆಯಲ್ಲಿ ತಮಿಳು, ಸ್ಟೇಜ್ ಮೇಲೆ ಕನ್ನಡ. ನಮ್ಮೂರಲ್ಲಿ ಇದೇನು ಹೊಸದಲ್ಲ ಬಿಡಿ. ನನ್ನನ್ನು ಕರೆದದ್ದು ಲೈಟಿಗೆ.

ಸ್ಟೇಜ್ ಅಂದರೆ 14 ಅಡಿ ಅಗಲ, 8 ಅಡಿ ಆಳದ ಸಿಮೆಂಟ್ ಕಟ್ಟೆ. ಹಿಂದಿನ ಗೋಡೆಗೆ ಒಂದು ಬಿಳಿ ಬಟ್ಟೆ ಮೊಳೆ ಹೊಡೆದು ಕಟ್ಟಿದ್ದರು. ಅದೇ ಕೆರೆ, ಅದೇ ಆಕಾಶ. ಎದುರಿನ ಬೆಂಚಿನ ಮೇಲೆ ಒಂದು ಹ್ಯಾಲೊಜನ್. ಮೊದಲ ರಿಹರ್ಸಲ್‌ನಲ್ಲಿ ಅದನ್ನು ಹಾಕಿದ್ದೇ ತಡ, ಹತ್ತು ಮಕ್ಕಳ ನೆರಳು ಹತ್ತು ದೆವ್ವದ ಹಾಗೆ ಬಟ್ಟೆ ಮೇಲೆ ಎದ್ದು ನಿಂತಿತು. ಕೆರೆ ಎಲ್ಲಿ, ಜನ ಎಲ್ಲಿ, ಒಂದೂ ಗೊತ್ತಾಗಲಿಲ್ಲ. ಹ್ಯಾಲೊಜನ್ ಆರಿಸಿ ಟ್ಯೂಬ್‌ಲೈಟ್ ಹಾಕಿದರೆ ಹುಡುಗಿಯ ಮುಖವೇ ಕಾಣಲ್ಲ.

ಅಲ್ಲೇ ಕೂತಿದ್ದ ಹಿರಿಯರೊಬ್ಬರು, 'ಮಗು ಕಪ್ಪಲ್ವಾ, ಒಂದಿಷ್ಟು ಪೌಡರ್ ಬಳೀರಿ, ಎದ್ದು ಕಾಣ್ತಾಳೆ' ಅಂದರು. ಕೆಟ್ಟ ಮನಸ್ಸಿಂದ ಅಂದದ್ದಲ್ಲ, ನನಗೂ ಗೊತ್ತು. ಆದರೆ ಆ ಹುಡುಗಿ ತಲೆ ತಗ್ಗಿಸಿದಳು ನೋಡಿ, ನನಗೆ ಮೂವತ್ತು ವರ್ಷ ಹಿಂದಿನ ಇನ್ನೊಂದು ಸ್ಟೇಜ್ ನೆನಪಾಯಿತು.

ನಾನು ಆರನೇ ಕ್ಲಾಸು. ಶಾಲೆಯ ಹೆಸರು ಬೇಡ. ನಾಟಕದಲ್ಲಿ ನನಗೂ ನಾಲ್ಕು ಮಾತಿದ್ದವು, ಬಾಯಿಪಾಠ ಮಾಡಿದ್ದೆ. ಹಿಂದಿನ ದಿನ, 'ನೀನು ಲೈಟಲ್ಲಿ ಕಾಣಲ್ಲ ಕಣೋ, ಪರದೆ ಹಿಂದೆ ಬಲ್ಬ್ ಹಿಡ್ಕೊಂಡು ನಿಂತ್ಕೋ' ಅಂದುಬಿಟ್ಟರು. ನಿಂತೆ. ಬಟ್ಟೆಯ ಆ ಕಡೆಯಿಂದ ಚಪ್ಪಾಳೆ ಕೇಳಿಸ್ತಿತ್ತು. ಮನೆಗೆ ಬಂದಾಗ ಅವ್ವ 'ನೀನು ಯಾವಾಗ ಬಂದೆಯೋ, ನಾನು ನೋಡಲೇ ಇಲ್ಲ' ಅಂದಳು. ಏನು ಹೇಳಲಿ?

ಇರಲಿ. ಅವತ್ತು ಪರದೆ ಹಿಂದೆ ನಿಂತವನಿಗೆ ಲೈಟಿನ ಹುಚ್ಚಂತೂ ಹಿಡಿಯಿತು. ಅದಕ್ಕೇ ಮೊನ್ನೆ 'ಪೌಡರ್ ಬೇಡ ಸಾರ್, ಲೈಟ್ ಸರಿ ಮಾಡೋಣ' ಅಂದೆ.

ಏನು ಮಾಡಿದೆವು ಅಂತ ಬರೀತೀನಿ, ಬೇರೆ ಶಾಲೆಯವರಿಗೂ ಉಪಯೋಗಕ್ಕೆ ಬರಲಿ.

ಮೊದಲು ಬಟ್ಟೆಯನ್ನು ಗೋಡೆಯಿಂದ 2 ಅಡಿ ಮುಂದಕ್ಕೆ ತಂದೆವು. ಕೆಳಗಿನ ಅಂಚಿಗೆ ಹೊಲಿಗೆ ಹಾಕಿ ಒಂದು ಪೈಪ್ ತೂರಿಸಿದೆವು, ಸುಕ್ಕು ಹೋಯಿತು. ಲೈಟನ್ನು ಬಟ್ಟೆಯ ಹಿಂದೆ ಇಟ್ಟೆವು, ಆದರೆ ಮುಖ ಬಟ್ಟೆ ಕಡೆಗಲ್ಲ, ಗೋಡೆ ಕಡೆಗೆ. ನೇರವಾಗಿ ಹೊಡೆದರೆ ಬಟ್ಟೆ ನಡುವೆ ಬಲ್ಬಿನ ಬೊಟ್ಟು ಕಾಣುತ್ತೆ. ಸುಣ್ಣದ ಗೋಡೆಗೆ ಹೊಡೆದರೆ ಬೆಳಕು ಹರಡಿಕೊಂಡು ವಾಪಸ್ ಬಂದು ಬಟ್ಟೆ ಪೂರ್ತಿ ಸಮನಾಗಿ ಬೆಳಗುತ್ತೆ. 50 ವ್ಯಾಟಿನ ಎರಡು ಎಲ್‌ಇಡಿ ಫ್ಲಡ್ ಸಾಕಾಯಿತು.

ಮೊದಲು ಎರಡಕ್ಕೂ ನೀಲಿ ಜಿಲೇಟಿನ್ ಹಾಳೆ ಕಟ್ಟಿದ್ದೆವು. ಬಾಬಾಸಾಹೇಬರ ನೀಲಿ ಕೋಟು ನೀಲಿ ಬಟ್ಟೆಯಲ್ಲಿ ಕರಗಿಯೇ ಹೋಯಿತು! ಆಮೇಲೆ ನೆಲದ ಹತ್ತಿರದ ಲೈಟಿಗೆ ಮಾತ್ರ ನೀಲಿ ಉಳಿಸಿದೆವು, ಅದು ನೀರು. ಮೇಲಿನದು ಬರಿ ಬಿಳಿ, ಬೆಳಗಿನ ಆಕಾಶ. ಮೇಲಿನ ಲೈಟಿಗೆ ಬಟರ್ ಪೇಪರ್ ಎರಡು ಪದರ ಹಚ್ಚಿ ತಗ್ಗಿಸಿದೆವು. ಹಿಂದಿನ ಬಟ್ಟೆ ಹುಡುಗಿಯ ಮುಖಕ್ಕಿಂತ ಹೆಚ್ಚು ಹೊಳೆದರೆ ಅವಳು ಬರೀ ಕಪ್ಪು ಆಕಾರ ಆಗಿಬಿಡ್ತಾಳೆ. ತಪ್ಪು ಅವಳ ಬಣ್ಣದ್ದಲ್ಲ, ನಮ್ಮ ಲೆಕ್ಕದ್ದು.

ಮಕ್ಕಳಿಗೆ ಎದುರಿನ ಲೈಟ್ ಬಿಟ್ಟು ಎರಡೂ ಪಕ್ಕದಿಂದ, ಎತ್ತರದಿಂದ ಕೊಟ್ಟೆವು. ನೆರಳು ಬಟ್ಟೆ ಬಿಟ್ಟು ಪಕ್ಕಕ್ಕೆ ಬಿತ್ತು. ಬಟ್ಟೆಯಿಂದ 3 ಅಡಿ ದೂರಕ್ಕೆ ಸುಣ್ಣದ ಗೆರೆ ಎಳೆದು 'ಇದನ್ನ ದಾಟಿ ಹಿಂದೆ ಹೋಗಬೇಡಿ' ಅಂದೆವು. ಪಕ್ಕದಿಂದ ಬರೋ ಬೆಳಕು ಕಪ್ಪು ಮೈಮೇಲೆ ಎಷ್ಟು ಚೆಂದ ಜಾರುತ್ತೆ ಅಂದರೆ, ಕೆನ್ನೆ, ಹಣೆ, ಮೂಗು ಎಲ್ಲ ಕಡೆದಿಟ್ಟ ಹಾಗೆ. ಪೌಡರ್ ಬಳಿದಿದ್ದರೆ ಬೂದಿ ಬಳಿದ ಹಾಗೆ ಇರ್ತಿತ್ತು.

ಒಂದು ಎಚ್ಚರಿಕೆ: ಹಳೇ ಕಾಲದಲ್ಲಿ ಉಪ್ಪುನೀರಿನ ಬಕೆಟ್ಟಿಗೆ ವೈರ್ ಬಿಟ್ಟು ಲೈಟ್ ಏರಿಸಿ ಇಳಿಸ್ತಿದ್ದರು. ಮಕ್ಕಳಿರೋ ಕಡೆ ಅದು ಬೇಡವೇ ಬೇಡ. ಹ್ಯಾಲೊಜನ್‌ಗೆ ಬಣ್ಣದ ಹಾಳೆ ಕಟ್ಟಬೇಡಿ, ಸುಡುತ್ತೆ. ವೈರ್ ಕಾಲಿಗೆ ಸಿಗದ ಹಾಗೆ ಟೇಪ್ ಹಾಕಿ.

ಬೆಳಕಿನ ಲೆಕ್ಕ ನಮ್ಮೂರಿಗೆ ಹಳೇದು. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ತಂತಿ ಮೇಲೆ ಬಂದದ್ದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹೆಮ್ಮೆ ಪಡೋಣ, ಆದರೆ ಬಂದದ್ದು ಯಾರಿಗೆ? ಗಣಿಗೆ, ಯಂತ್ರಕ್ಕೆ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಕೆಳಗೆ ಇಳೀತಿದ್ದವರು. ಲೈನ್ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ ಇಟ್ಟುಕೊಂಡೇ ಬೆಳೆದೆ ಅಂತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ತೆಗೆದವರ ಮುಖ ಯಾರೂ ಸರಿಯಾಗಿ ನೋಡಲಿಲ್ಲ.

ನಾಟಕದ ದಿನ. ತೇರಹಳ್ಳಿ ಬೆಟ್ಟದ ಆದಿಮದಲ್ಲಿ 'ಹುಣ್ಣಿಮೆ ಹಾಡು' ನೋಡಿದವರಿಗೆ ಗೊತ್ತು, ಅಲ್ಲಿ ಆಕಾಶವೇ ಹಿಂಪರದೆ. ನಮಗೆ ಅಷ್ಟೆಲ್ಲ ಎಲ್ಲಿ? ಸಂಜೆ ಆರೂವರೆಗೆ ಕಿಟಕಿ ಮುಚ್ಚಿ ಲೈಟ್ ಹಾಕಿದೆವು. 1923ರಲ್ಲೇ ಬಾಂಬೆ ಕೌನ್ಸಿಲ್ ಸಾರ್ವಜನಿಕ ಕೆರೆ ಎಲ್ಲರಿಗೂ ಅಂತ ಠರಾವು ಮಾಡಿತ್ತು, ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ಹೋಗಿ ಬೊಗಸೆ ಒಡ್ಡಬೇಕಾಯಿತು ಅಂತ ಮಕ್ಕಳು ಹೇಳಿದರು. ಹುಡುಗಿ ಬಗ್ಗಿ ಬೊಗಸೆ ಎತ್ತಿದಳು. ಕೆಳಗಿನ ನೀಲಿ ಅವಳ ಕೈವರೆಗೆ, ಪಕ್ಕದ ಬೆಳಕು ಮುಖದ ಮೇಲೆ. ಹಾಲ್ ಗಪ್‌ಚುಪ್.

ಮುಗಿದ ಮೇಲೆ ಓಡಿಬಂದು 'ಅಣ್ಣಾ, ನನ್ನ ಮುಖ ಕಾಣಿಸ್ತಾ?' ಅಂದಳು. ಹಿಂದೆಯೇ ಬಂದ ಅವಳಮ್ಮ, 'ಕಡೇ ಬೆಂಚಲ್ಲಿ ಕೂತಿದ್ದೆ ಕಣ್ಣೂ, ಚೆನ್ನಾಗಿ ಕಾಣಿಸ್ತು' ಅಂದರು.

ಪೌಡರ್ ಅಂದ ಹಿರಿಯರೂ ಬಂದು ಕೈಕುಲುಕಿದರು. ಮುಂದಿನ ವರ್ಷಕ್ಕೆ ಎರಡು ಲೈಟ್ ತಾವೇ ಕೊಡಿಸ್ತಾರಂತೆ. ಬೇಡ ಅನ್ನಲಿಲ್ಲ.

ಬಂಗಾರಪೇಟೆ, ಕೆಜಿಎಫ್ ಸುತ್ತಮುತ್ತಲ ಶಾಲೆಗಳಲ್ಲಿ ನಾಟಕ ಮಾಡಿಸೋ ಮೇಷ್ಟ್ರು, ಮೇಡಂಗಳು ಇದ್ದರೆ ಕಾಮೆಂಟಲ್ಲಿ ಹೇಳಿ. ಬಟ್ಟೆ, ಪೈಪ್, ಎರಡು ಫ್ಲಡ್ ತಗೊಂಡು ಬರ್ತೀನಿ. ದುಡ್ಡು ಬೇಡ, ಟೀ ಸಾಕು. ಒಂದೇ ಕಂಡೀಷನ್: ಪರದೆ ಹಿಂದೆ ಬಲ್ಬ್ ಹಿಡಿಯೋಕೆ ಮಕ್ಕಳನ್ನ ನಿಲ್ಲಿಸಬಾರದು. ಅದಕ್ಕೆ ನಾನಿದ್ದೀನಿ.

ಜೈ ಭೀಮ್.