ಪಡುವಣ ಕಿಟಕಿಯ ತಟ್ಟಿ

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂದೂ ಗವಾಕ್ಷವೆಂದೂ ಹೆಸರುಗಳುಂಟು. ಒಂದು ಗಾಳಿಯ ದಾರಿ, ಇನ್ನೊಂದು ಗೋವಿನ ಕಣ್ಣು. ಗಾಳಿಯು ಒಳಗೆ ಬರಬೇಕು, ನೋಟವು ಹೊರಗೆ ಹೋಗಬೇಕು. ಈ ಎರಡು ಹೆಸರುಗಳಲ್ಲಿಯೂ ಬಿಸಿಲಿಗೆ ಸ್ಥಳವಿಲ್ಲ. ತೆರೆಗೆ ತಿರಸ್ಕರಿಣಿಯೆಂದು ಹೆಸರು. ತಿರಸ್ಕಾರವೆಂಬ ಮಾತೂ ಆ ಮೂಲದ್ದೇ. ಆದುದರಿಂದ ಕಿಟಕಿಗೆ ತೆರೆಯನ್ನು ಕಟ್ಟಹೊರಟವನು ಯಾವುದನ್ನು ತಿರಸ್ಕರಿಸಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಇಲ್ಲವಾದರೆ ಬಿಸಿಲಿನೊಡನೆ ಗಾಳಿಯೂ ನೋಟವೂ ಹೊರಗೆ ಉಳಿಯುವುವು.

ರಾಯಚೂರಿನ ಬೇಸಗೆಯನ್ನು ಕಂಡವರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವುದು ಅಲ್ಲಿ ಅಪರೂಪವಲ್ಲ. ಅಲ್ಲಿಯ ಗೃಹಸ್ಥರೊಬ್ಬರ ಮನೆಯಲ್ಲಿ, ಎಂಬತ್ತು ದಾಟಿ ಹಾಸಿಗೆ ಹಿಡಿದಿರುವ ತಾಯಿಯವರು ಪಡುವಣ ಕಿಟಕಿಯ ಪಕ್ಕದಲ್ಲಿಯೇ ಮಲಗುವರು. ತೆಂಕಣ ಕಿಟಕಿಯಾಗಿದ್ದರೆ ಸಜ್ಜೆಯೇ ಸಾಕಾಗುತ್ತಿತ್ತು. ಪಡುವಣ ಸೂರ್ಯನಾದರೋ ಮೂರು ಗಂಟೆಯ ಮೇಲೆ ಸಜ್ಜೆಯ ಕೆಳಗೆ ತಲೆಬಗ್ಗಿಸಿ ನೇರವಾಗಿ ಹಾಸಿಗೆಗೇ ಬರುವನು. ಕೋಣೆಯನ್ನು ಬದಲಿಸಲು ಆ ತಾಯಿ ಒಪ್ಪಲಿಲ್ಲ. ನಡೆದಾಡಲಾರದವರಿಗೆ ಕಿಟಕಿಯ ಆಚೆಯ ಓಣಿಯೇ ಲೋಕ. "ಕತ್ತಲಿ ಮಾಡಬ್ಯಾಡಪಾ, ಓಣಿ ಕಾಣಲಿ" ಎಂಬುದೊಂದೇ ಅವರು ಮಗನನ್ನು ಬೇಡಿದ್ದು.

ಅಂಗಡಿಯವನು ಅಲ್ಯೂಮಿನಿಯಮ್ ಪಟ್ಟಿಗಳ ವೆನೀಷಿಯನ್ ಬ್ಲೈಂಡನ್ನು ಮುಂದಿಟ್ಟನು. ಇದರ ಹೆಸರೇ ಒಂದು ವಿನೋದ. ಇಂಗ್ಲಿಷರು ಇದನ್ನು ವೆನಿಸ್ ನಗರದ್ದೆನ್ನುವರು. ವೆನಿಸ್ ಇರುವ ಇಟಲಿಯವರು ಪಟ್ಟಿಗಳುಳ್ಳ ಕಿಟಕಿಬಾಗಿಲನ್ನು ಪರ್ಸಿಯಾನಾ ಎಂದು ಕರೆದು ಪರ್ಷಿಯಾದ ಕಡೆಗೆ ಬೆರಳು ತೋರುವರು. ಪಟ್ಟಿಗಳನ್ನು ಬೇಕಾದ ಓರೆಗೆ ತಿರುಗಿಸಿ ನಿಲ್ಲಿಸುವ ಉಪಾಯಕ್ಕೆ 1841ರಲ್ಲಿ ಅಮೆರಿಕದ ಜಾನ್ ಹ್ಯಾಂಪ್ಸನ್ ಎಂಬವನು ಪೇಟೆಂಟು ಪಡೆದನು. ಉಪಾಯವು ಚೆನ್ನಾದುದೇ. ಆದರೆ ಗಾಜಿನ ಒಳಗಡೆ ಕಟ್ಟುವ ಯಾವ ತೆರೆಯೂ ಬೆಳಕನ್ನು ತಡೆದಷ್ಟು ತಾಪವನ್ನು ತಡೆಯಲಾರದು. ಗಾಜನ್ನು ದಾಟಿ ಬಂದ ಬಿಸಿಲು ತೆರೆಯನ್ನು ಕಾಯಿಸುವುದು. ಕಾದ ತೆರೆ ಬಿಡುವ ತಾಪಕ್ಕೆ ಅದೇ ಗಾಜು ಹೊರದಾರಿಯನ್ನು ಕೊಡದು. ಬಿಸಿಲನ್ನು ಹೊಸ್ತಿಲಿನ ಆಚೆಯೇ ನಿಲ್ಲಿಸಬೇಕು.

ಗೃಹಸ್ಥರು ಮೇದಾರರಲ್ಲಿ ಬಿದಿರಿನ ತಟ್ಟಿಯೊಂದನ್ನು ಹೆಣೆಯಿಸಿ ತಂದರು. ಇದನ್ನು ಹೊರಗಡೆ ತೂಗಬಿಟ್ಟರೆ ಗಾಜಿನ ಬಾಗಿಲನ್ನು ತೆರೆದಿಡಬಹುದು, ಕಡ್ಡಿಗಳ ಸಂದಿನಿಂದ ಗಾಳಿಯಾಡುವುದು. ಹಗಲಿನಲ್ಲಿ ಒಳಗಿನವರಿಗೆ ಹೊರಗು ಕಾಣುವುದು, ಹೊರಗಿನವರಿಗೆ ಒಳಗು ಕಾಣದು. ದೀಪ ಹಚ್ಚಿದ ಮೇಲೆ ಮಾತ್ರ ಇದು ತಿರುವುಮುರುವಾಗುವುದು. ಒಣಹವೆಯ ಊರಾದುದರಿಂದ ತಟ್ಟಿಗೆ ನೀರು ಚಿಮುಕಿಸಿದರೆ ಲಾವಂಚದ ತಟ್ಟಿಯಂತೆ ಸ್ವಲ್ಪ ತಂಪನ್ನೂ ಕೊಡುವುದು. ಕರಾವಳಿಯ ಜಿಗುಟು ಸೆಕೆಯಲ್ಲಿ ಈ ಉಪಚಾರವು ವ್ಯರ್ಥ.

ಬಡಗಿಯು ಇಂದು ನಾಳೆ ಎನ್ನುತ್ತಿದ್ದುದರಿಂದ ಗೃಹಸ್ಥರು ಸ್ವಹಸ್ತದಿಂದಲೇ ಕೆಲಸಕ್ಕೆ ನಿಂತರು. ಹಳೆಯ ಕಿಟಕಿಯ ಅಗಲವು ಮೇಲೆ ಒಂದು, ನಡುವೆ ಒಂದು, ಕೆಳಗೆ ಇನ್ನೊಂದು. ಹೊರಗೆ ತೂಗುವ ತಟ್ಟಿಗೆ ಇದು ಅಷ್ಟಾಗಿ ಬಾಧಕವಲ್ಲ. ಎರಡು ಪಕ್ಕಗಳಲ್ಲಿಯೂ ನಾಲ್ಕಾರು ಅಂಗುಲ ಹೆಚ್ಚಿಗೆ ಇದ್ದರಾಯಿತು. ಆದರೆ ಕೊಕ್ಕೆಗಳು ಮಾತ್ರ ರಸಮಟ್ಟಕ್ಕೆ ಸರಿಯಾಗಿರಬೇಕು. ವಾಲಿದ ಚೌಕಟ್ಟನ್ನು ನಂಬಿ ಕೊಕ್ಕೆ ಹಾಕಿದರೆ ತಟ್ಟಿಯು ಸುತ್ತುವಾಗ ಒಂದು ಕಡೆಗೆ ಜಾರುವುದು. ತೂತನ್ನು ಗಾರೆಯಲ್ಲಿ ನಿಲ್ಲಿಸದೆ ಇಟ್ಟಿಗೆಯವರೆಗೆ ಕೊರೆದು, ಪ್ಲಗ್ಗನ್ನು ಬಿಗಿಯಾಗಿ ಬಡಿದು, ಬಳಿಕ ಕೊಕ್ಕೆಯನ್ನು ತಿರುಗಿಸಬೇಕು. ಇಷ್ಟಕ್ಕೆ ಒಂದು ಮುಂಜಾನೆ ಸಾಕಾಯಿತು.

ಹಗ್ಗದ ವಿಚಾರದಲ್ಲಿ ಇಡೀ ದಿನ ಹೋಯಿತು. ಹಗ್ಗದ ತುದಿಯು ತಮ್ಮ ಕೈಗೇ ಬರಲಿ, ಬೇಕೆಂದಾಗ ತಾವೇ ಎತ್ತಿಕೊಳ್ಳುವೆವೆಂದು ತಾಯಿಯವರ ಆಸೆ. ಎಲ್ಲಕ್ಕೂ ಇನ್ನೊಬ್ಬರನ್ನು ಕೂಗಬೇಕಾದವರಿಗೆ ಆ ಒಂದು ಹಗ್ಗವು ಎಷ್ಟು ದೊಡ್ಡ ವಸ್ತುವೆಂಬುದನ್ನು ಊಹಿಸಬಹುದು. ಆದರೆ ಮನೆಯಲ್ಲಿ ಮೂರು ವರ್ಷದ ಮರಿಮಗಳಿದ್ದಾಳೆ. ಮುತ್ತಜ್ಜಿಯ ಹಾಸಿಗೆಯೇ ಅವಳ ಆಟದ ಬಯಲು. ಇಳಿಬಿದ್ದ ಹಗ್ಗದ ಕುಣಿಕೆಯು ಮಗುವಿನ ಕೊರಳಿಗೆ ಸಿಕ್ಕಿದರೆ ಕೂಗುವುದಕ್ಕೂ ಉಸಿರಿರುವುದಿಲ್ಲ. ಬೇರೆ ದೇಶಗಳಲ್ಲಿ ಹೀಗೆ ಮಕ್ಕಳು ಸತ್ತುದರಿಂದಲೇ, ಸಿದ್ಧವಾಗಿ ಮಾರುವ ತೆರೆಗಳಿಗೆ ಹಗ್ಗವಿರಬಾರದು, ಇದ್ದರೂ ಕೈಗೆಟುಕಬಾರದು ಎಂಬ ನಿಯಮವು 2018ರಲ್ಲಿ ಅಮೆರಿಕದಲ್ಲಿ ಬಂದಿತು. ಸೊಸೆಯು ಇದನ್ನು ಮೆಲ್ಲಗೆ ಹೇಳಿದಾಗ ಗೃಹಸ್ಥರು ಕುಣಿಕೆಯನ್ನು ಕತ್ತರಿಸಿ, ಹಗ್ಗವನ್ನು ಹೊರಗೋಡೆಯ ಮೇಲೆಯೇ ಓಡಿಸಿ, ಆಳೆತ್ತರದ ಗೂಟಕ್ಕೆ ಸುತ್ತಿದರು. ತಾಯಿಯವರು ಆ ಸಂಜೆ ಯಾರೊಡನೆಯೂ ಮಾತನಾಡಲಿಲ್ಲ.

ಮರುದಿನ ಮಗನು ತಟ್ಟಿಯ ಕೆಳತುದಿಯನ್ನು ಎರಡು ಬಿದಿರುಕೋಲುಗಳಿಂದ ಹೊರಕ್ಕೆ ಚಾಚಿ ನಿಲ್ಲಿಸಿದರು. ಬಿಸಿಲು ಹೊರಗೆ ನಿಂತಿತು; ಕೆಳಗಿನ ತೆರಪಿನಲ್ಲಿ ಎದುರುಮನೆಯ ಕಟ್ಟೆಯೂ ಹೂವಿನವಳ ಬುಟ್ಟಿಯೂ ಮಲಗಿದಲ್ಲಿಂದಲೇ ಕಂಡುವು. ಹೊತ್ತು ಇಳಿದ ಮೇಲೆ ತಾಯಿಯವರು ಮರಿಮಗಳ ಕಿವಿಯಲ್ಲಿ ಏನನ್ನೋ ಹೇಳುವರು, ಅವಳು ಪಡಸಾಲೆಗೆ ಓಡಿ, "ತಾತಾ, ತಟ್ಟಿ ಎತ್ತಬೇಕಂತ!" ಎಂದು ಓಣಿಗೆಲ್ಲಾ ಕೇಳುವಂತೆ ಕೂಗುವಳು.