ಪುಕ್ಕಟೆ ಸಿಕ್ಕ ಹಡಗಿನ ಲೆಕ್ಕ

ಮೈಸೂರಿನವರಾದ ನಮಗೆ ಸಮುದ್ರವೇ ದೂರ. ಆದರೂ ನಮ್ಮದೇ ರಾಜ್ಯದ ಕಾರವಾರದ ನೌಕಾನೆಲೆಯಲ್ಲಿರುವ ಐಎನ್‌ಎಸ್ ವಿಕ್ರಮಾದಿತ್ಯ ಹಡಗಿನ ಕಥೆಯನ್ನು ಕಾಮರ್ಸ್ ವಿದ್ಯಾರ್ಥಿಗಳು ಓದಲೇಬೇಕು. ಯುದ್ಧಕ್ಕಾಗಿ ಅಲ್ಲ, ಲೆಕ್ಕಕ್ಕಾಗಿ.

1987ರಲ್ಲಿ ಸೋವಿಯತ್ ನೌಕಾಪಡೆ ಸೇರಿದಾಗ ಇದರ ಹೆಸರು ಬಾಕು. ಆಮೇಲೆ ಅಡ್ಮಿರಲ್ ಗೋರ್ಷ್ಕೋವ್ ಆಯಿತು. ಆಗ ಇದು ಅರ್ಧ ಕ್ರೂಸರ್, ಅರ್ಧ ವಿಮಾನವಾಹಕ. ಮುಂಭಾಗದ ತುಂಬಾ ಕ್ಷಿಪಣಿಗಳು. ನೆಟ್ಟಗೆ ಮೇಲೇಳುವ ವಿಮಾನಗಳಿಗೆ ಮತ್ತು ಹೆಲಿಕಾಪ್ಟರ್‌ಗಳಿಗೆ ಉಳಿದ ಜಾಗ. 1996ರಲ್ಲಿ ರಷ್ಯಾ ಇದನ್ನು ಸೇವೆಯಿಂದ ತೆಗೆಯಿತು.

2004ರ ಜನವರಿಯ ಒಪ್ಪಂದದಲ್ಲಿ ರಷ್ಯಾ ಹಡಗನ್ನು ನಮಗೆ ಪುಕ್ಕಟೆ ಕೊಟ್ಟಿತು! ದುರಸ್ತಿ ಮತ್ತು ಮಾರ್ಪಾಡಿಗೆ ಮಾತ್ರ 97.4 ಕೋಟಿ ಡಾಲರ್. 2008ಕ್ಕೆ ಸಿಗಬೇಕಿತ್ತು. ಹಳೆಯ ಯಂತ್ರ ಕೊಂಡರೆ ರಿಪೇರಿ ಮತ್ತು ಅಳವಡಿಕೆಯ ಖರ್ಚೂ ಆಸ್ತಿಯ ಬೆಲೆಗೇ ಸೇರುತ್ತದೆ ಎಂದು ನಮ್ಮ ಅಕೌಂಟೆನ್ಸಿ ಪುಸ್ತಕ ಹೇಳುತ್ತದೆ. ಹಾಗೆ ನೋಡಿದರೆ ಪುಕ್ಕಟೆ ಎನ್ನುವ ಮಾತು ಅಲ್ಲೇ ಬಿದ್ದುಹೋಯಿತು.

ಮಂಡಿ ಮೊಹಲ್ಲಾದಲ್ಲಿ ಗಾಡಿ ರಿಪೇರಿ ಮಾಡುವ ನಮ್ಮ ಚಾಚಾ ಗಿರಾಕಿಗಳಿಗೆ ಒಂದು ಮಾತು ಹೇಳುತ್ತಾರೆ: "ಖೋಲೇ ಬಗೈರ್ ರೇಟ್ ನಕ್ಕೋ ಪೂಛೋ." ಬಿಚ್ಚಿ ನೋಡದೆ ರೇಟ್ ಕೇಳಬೇಡಿ ಅಂತ. ಈ ಹಡಗನ್ನು ಬಿಚ್ಚಿದ ಮೇಲೆ ಏನಾಯಿತು ನೋಡಿ. 2,500 ಕೋಣೆಗಳಲ್ಲಿ 1,750ನ್ನು ಹೊಸದಾಗಿ ಕಟ್ಟಬೇಕಾಯಿತು. ಸುಮಾರು 2,300 ಕಿಲೋಮೀಟರ್ ಹೊಸ ಕೇಬಲ್ ಎಳೆದರು. ಕ್ಷಿಪಣಿಗಳನ್ನು ಕಿತ್ತು, ಮಿಗ್-29ಕೆ ವಿಮಾನ ಓಡಿ ಹಾರಲು ಮೂತಿಯಲ್ಲಿ ಮೇಲಕ್ಕೆ ಬಾಗಿದ ಇಳಿಜಾರು ಕಟ್ಟಿದರು. 2010ಕ್ಕೆ ಬೆಲೆ ಸುಮಾರು 235 ಕೋಟಿ ಡಾಲರ್ ಮುಟ್ಟಿತು. 2012ರ ಪರೀಕ್ಷೆಯಲ್ಲಿ ಬಾಯ್ಲರ್‌ಗಳು ಕೈಕೊಟ್ಟು ಇನ್ನೊಂದು ವರ್ಷ ಹೋಯಿತು. ಕೊನೆಗೆ 2013ರ ನವೆಂಬರ್ 16ರಂದು ನಮ್ಮ ನೌಕಾಪಡೆ ಸೇರಿ, 2014ರ ಜನವರಿಯಲ್ಲಿ ಕಾರವಾರಕ್ಕೆ ಬಂತು.

ಇದು ರಷ್ಯಾದವರದ್ದೇ ಕಾಯಿಲೆ ಅಲ್ಲ. ಬ್ರಿಟಿಷರ ಫ್ಯೂರಿಯಸ್ ಎಂಬ ಕ್ರೂಸರ್‌ಗೆ 1917ರಲ್ಲಿ ಮುಂದಿನ ತೋಪು ತೆಗೆದು ವಿಮಾನದ ಅಟ್ಟ ಹಾಕಿದರು. ಅದರ ಮೇಲೆ ಇಳಿದು ಸಾಧಿಸಿ ತೋರಿಸಿದ ಡನ್ನಿಂಗ್ ಎಂಬ ಅಧಿಕಾರಿ ಕೆಲವೇ ದಿನಗಳಲ್ಲಿ ಅದೇ ಪ್ರಯತ್ನದಲ್ಲಿ ಸತ್ತರು. ಆಮೇಲೆ ಹಿಂದೆಯೂ ಒಂದು ಅಟ್ಟ ಹಾಕಿದರು. ನಡುವಿನ ಹೊಗೆ ಕೊಳವೆಯಿಂದ ಗಾಳಿ ಸುಳಿಯೆದ್ದು ಅದೂ ಸರಿಹೋಗಲಿಲ್ಲ. 1920ರ ದಶಕದಲ್ಲಿ ಎಲ್ಲವನ್ನೂ ಕಿತ್ತು ಮೇಲ್ಭಾಗವನ್ನು ಸಪಾಟು ಮಾಡಿದ ಮೇಲೆಯೇ ಅದು ನಿಜವಾದ ವಿಮಾನವಾಹಕವಾದದ್ದು. ಒಂದು ಹಡಗಿಗೆ ಮೂರು ಸಲ ಖರ್ಚು.

ಹೊಸ ಹಡಗಿಗಿಂತ ಶೇಕಡಾ 60ರಷ್ಟು ಹೆಚ್ಚು ಕೊಟ್ಟು ಹಳೆಯದನ್ನು ಕೊಳ್ಳುತ್ತಿದ್ದೇವೆ ಎಂದು ಸಿಎಜಿ 2009ರಲ್ಲೇ ಬರೆಯಿತು. ಆ ಗಣಿತವನ್ನು ನಾನು ಒಪ್ಪುತ್ತೇನೆ. ಬಿಚ್ಚಿ ನೋಡದೆ ಸಹಿ ಹಾಕಿದ್ದೇ ತಪ್ಪು. ಅರ್ಧ ಕೆಲಸವಾದ ಮೇಲೆ ಚೌಕಾಸಿಗೆ ಬಲ ಎಲ್ಲಿರುತ್ತದೆ? ಆದರೆ ಕೊಂಡದ್ದೇ ತಪ್ಪು ಎನ್ನಲಾರೆ. ವಿಮಾನವಾಹಕ ಹಡಗು ಶೋರೂಮಿನಲ್ಲಿ ಸಿಗುವುದಿಲ್ಲ. ಹಳೆಯ ವಿರಾಟ್ 2017ರ ಮಾರ್ಚ್‌ನಲ್ಲಿ ನಿವೃತ್ತವಾಯಿತು. ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತ್ ಸೇವೆಗೆ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವಿನ ಐದೂವರೆ ವರ್ಷ ದೇಶಕ್ಕೆ ಇದ್ದದ್ದು ಇದೊಂದೇ. ಆ ಐದೂವರೆ ವರ್ಷಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬ ಬಗ್ಗೆ ನಮ್ಮ ಕ್ಲಾಸಿನಲ್ಲಿ ಇನ್ನೂ ಜಗಳ ಮುಗಿದಿಲ್ಲ.